ಜೇಡಿಮಣ್ಣಿನ ಮೇಲೆ ಆರು ಗೂಟ

ಅರವತ್ಮೂರನೇ ಇಸವಿಯ ಬೇಸಿಗೆಯಲ್ಲಿ ಮಂಚೇನಹಳ್ಳಿ ಹತ್ತಿರದ ಹಳ್ಳಕ್ಕೆ ಸೇತುವೆ ಏಳುತ್ತಿತ್ತು. ಆ ಕೆಲಸ ನೋಡಿಕೊಳ್ಳುತ್ತಿದ್ದ ಕಿರಿಯ ಎಂಜಿನಿಯರ್ ಬಷೀರ್ ಅಹಮದ್‌ಗೆ ಅನ್ನ ಸೇರುತ್ತಿರಲಿಲ್ಲ. ಬಂಡೆ ತೀರಾ ಆಳದಲ್ಲಿದ್ದ ಕಡೆ ಆರು ಪೈಲುಗಳನ್ನು, ಅಂದರೆ ಕಾಂಕ್ರೀಟಿನ ಉದ್ದ ಗೂಟಗಳನ್ನು, ಮರಳಿನೊಳಕ್ಕೆ ಬಡಿದಿಳಿಸಿ, ಅವುಗಳ ತಲೆಯ ಮೇಲೆ ನಡುಗಂಬ ಎಬ್ಬಿಸಿದ್ದರು. ಕಂಬ ಎಬ್ಬಿಸುವ ಮೊದಲು ಒಂದು ಪೈಲಿನ ಮೇಲೆ ಮರಳುಮೂಟೆ ಹೇರಿ ನೋಡಿದಾಗ ಅದು ಅಲುಗಿರಲಿಲ್ಲ. ಒಂದು ತಡೆದರೆ ಆರೂ ತಡೆಯುತ್ತವೆಂದು ಚಿಕ್ಕಬಳ್ಳಾಪುರದ ದೊಡ್ಡ ಎಂಜಿನಿಯರ್ ನರಸಿಂಹಪ್ಪನವರು ಒಪ್ಪಿಗೆ ಕೊಟ್ಟರು. ಆದರೆ ಮರಳಿನ ಅಡಿಯಲ್ಲಿ ಮೆತ್ತನೆಯ ಜೇಡಿಮಣ್ಣಿತ್ತು. ಒಂಟಿ ಪೈಲಿನ ಭಾರ ಅಲ್ಲಿಗೆ ಮುಟ್ಟುವ ಮೊದಲೇ ಮರಳಿನಲ್ಲಿ ಹರಡಿಹೋಗುತ್ತಿತ್ತು. ಆರೂ ಸೇರಿ ಒತ್ತಿದರೆ ಜೇಡಿಯೇ ಹಿಂಡಿಹೋಗುತ್ತದೆಂಬುದು ಬಷೀರನ ಲೆಕ್ಕ.

ಹೇಳಿ ಹೇಳಿ ಸೋತ ಮೇಲೆ ಕಣ್ಣಿಗೇ ತೋರಿಸಲು ಹೊರಟ. ಸೀಮೆಎಣ್ಣೆ ಡಬ್ಬದ ತಳಕ್ಕೆ ಹಳ್ಳದ ಜೇಡಿ ಮೆತ್ತಿ, ಮೇಲೆ ಒದ್ದೆ ಮರಳು ತುಂಬಿ, ಮರದ ಗೂಟಗಳನ್ನು ನೆಟ್ಟ. ಹೆಂಡತಿ ಶಹರ್ ಬಾನು ಪಕ್ಕದ ಅಂಗಡಿಯಿಂದ ತೂಕದ ಕಲ್ಲುಗಳನ್ನು ಕೇಳಿ ತಂದಳು. ಒಂಟಿ ಗೂಟ ತನ್ನ ಪಾಲು ಹೊತ್ತು ನಿಂತಿತು. ಆರು ಗೂಟಗಳ ಮೇಲೆ ಹಲಗೆ ಇಟ್ಟು ಆರು ಪಾಲು ಹೇರಿದಾಗ ಹಲಗೆ ಒಂದು ಪಕ್ಕಕ್ಕೆ ವಾಲಿ ಕೆಳಗಿಳಿಯಿತು. ಅದನ್ನು ನೋಡಿ ಶಹರ್ ಬಾನು ಬಾಯಿಗೆ ಸೆರಗು ಒತ್ತಿಕೊಂಡಳು.

ಡಬ್ಬವನ್ನು ಬಸ್ಸಿನ ಟಾಪಿಗೆ ಹಾಕಿಕೊಂಡು ಬಷೀರ ಚಿಕ್ಕಬಳ್ಳಾಪುರಕ್ಕೆ ಹೋದ. ಸಾಹೇಬರು ಬೇರೆ ಊರಿಗೆ ಕ್ಯಾಂಪ್ ಹೋಗಿದ್ದರು. ಮಾರನೇ ದಿನ ಸಂಜೆಯವರೆಗೆ ಕಚೇರಿಯ ಜಗುಲಿಯಲ್ಲೇ ಕಾದ. ಕೊನೆಗೆ ಅವರೆದುರು ಆರು ಪಾಲು ಹೇರಿದರೆ ಹಲಗೆ ಕೂದಲೆಳೆಯಷ್ಟೂ ಇಳಿಯಲಿಲ್ಲ. ಡಬ್ಬದ ಬೆಸುಗೆ ಬಿಟ್ಟು ದಾರಿಯುದ್ದಕ್ಕೂ ನೀರು ಸೋರಿತ್ತು. ಉಳಿದದ್ದನ್ನು ಬಿಸಿಲು ಹೀರಿತ್ತು.

ಸುತ್ತ ನಿಂತಿದ್ದ ಗುಮಾಸ್ತರು ನಕ್ಕರು. ನರಸಿಂಹಪ್ಪನವರು ನಗಲಿಲ್ಲ.

"ಗಟ್ಟಿಯಾಗೇ ಇದೆಯಲ್ಲಪ್ಪ ಬಷೀರು."

"ಇದು ಒಣಗಿಬಿಟ್ಟಿದೆ ಸಾರ್. ಹಳ್ಳದ ಕೆಳಗಿರೋ ಜೇಡಿ ಒಣಗಲ್ಲ. ನಿಮ್ ಕಾಲಿಗೆ ಬೀಳ್ತೀನಿ, ಆರೂ ಪೈಲಿನ ಮೇಲೆ ಒಟ್ಟಿಗೆ ಭಾರ ಹಾಕಿ ನೋಡೋಕೆ ಬಿಡಿ."

ಮಳೆ ಹಿಡಿಯುವುದರೊಳಗೆ ಕಂಬದ ಮೇಲೆ ಗರ್ಡರ್, ಅಂದರೆ ಕಬ್ಬಿಣದ ತೊಲೆ, ಕೂರಬೇಕು, ಭಯವಾದರೆ ಬೇರೆಯವರನ್ನು ಹಾಕುತ್ತೇನೆ ಎಂದರು ಅವರು. ಹಾಗೇ ಹಾಕಿದರು ಕೂಡ.

ಗರ್ಡರ್ ಏರಿಸುವ ದಿನ, ಆ ಕೆಲಸ ಕೈತಪ್ಪಿದ್ದ ಬಷೀರ ದಡದಲ್ಲಿ ನಿಂತಿದ್ದ. ಕಂಬದ ಬುಡಕ್ಕೆ ಹೊರಟಿದ್ದ ಕೂಲಿಯ ಎರ್ರಪ್ಪನನ್ನು ತಡೆದು ಬೇಡಿಕೊಂಡ.

"ಅಲ್ಲಿಗೆ ಹೋಗ್ಬೇಡಪ್ಪ."

"ಹೋಗ್ದಿದ್ರೆ ನಾಳೆಯಿಂದ ಬರ್ಬೇಡ ಅಂತಾರೆ ಸಾಮಿ."

ಮೊದಲ ಗರ್ಡರ್ ಕೂತಿತು. ಏನೂ ಆಗಲಿಲ್ಲ. ಹೊಸ ಎಂಜಿನಿಯರ್ ಇವನತ್ತ ನೋಡಿ ಮುಖ ತಿರುಗಿಸಿದ. ತನ್ನ ಲೆಕ್ಕವೇ ತಪ್ಪಿರಬೇಕು, ತಪ್ಪಿರಲಿ ದೇವರೇ ಎಂದು ಬಷೀರ ಒಳಗೊಳಗೇ ದುವಾ ಮಾಡಿದ. ಎರಡನೆಯದು ಕೂರುತ್ತಿದ್ದಂತೆ ಕಂಬ ಸದ್ದಿಲ್ಲದೆ ವಾಲಿತು. ಆಮೇಲೆ ಕಬ್ಬಿಣ ಜಾರಿದ ಸದ್ದು. ಬಷೀರ ಮರಳಿನಲ್ಲಿ ಎದ್ದು ಬಿದ್ದು ಓಡಿದ. ಎರ್ರಪ್ಪನನ್ನು ಹೊರಗೆಳೆಯುವಷ್ಟರಲ್ಲಿ ಜೀವ ಹೋಗಿತ್ತು.

ಎರ್ರಪ್ಪನ ಹೆಂಡತಿ ಗಂಗುಲಮ್ಮ ಅಲ್ಲೇ ಜಲ್ಲಿ ಹೊರುತ್ತಿದ್ದಳು. ಅವಳು ಅಳದೆ ಬಂದು ಬಷೀರನ ಮುಂದೆ ಕುಕ್ಕರಿಸಿದಳು.

"ನಿಮ್ಗೆ ಗೊತ್ತಿತ್ತಂತೆ. ಕೈ ಹಿಡ್ಕೊಂಡು ಎಳೀಬಾರ್ದಾಗಿತ್ತಾ ಸಾಮಿ?"

ಬಷೀರನೂ ಅವಳೆದುರು ಮರಳಿನಲ್ಲಿ ಕೂತುಬಿಟ್ಟ. ಹೇಳಿದ್ದ, ಹಿಡಿದು ಎಳೆದಿರಲಿಲ್ಲ.

ತನಿಖೆಗೆ ಬಂದವರು ನೆಲದ ದೋಷವೆಂದು ಬರೆದುಕೊಂಡು ಹೋದರು. ನರಸಿಂಹಪ್ಪನವರು ಬಷೀರನನ್ನು ಕರೆಸಿ, ತಲೆ ತಗ್ಗಿಸಿಕೊಂಡೇ ಕೆಲಸ ಮತ್ತೆ ವಹಿಸಿದರು. ರಾಜೀನಾಮೆ ಕೊಡುವುದೆಂದು ಹೊರಟಿದ್ದವನು, ಇನ್ನೊಬ್ಬ ಬಂದು ಅದೇ ಕೆಲಸ ಮಾಡಿಯಾನೆಂದು ಹೆದರಿ ಒಪ್ಪಿಕೊಂಡ. ಈ ಸಲ ಜೇಡಿಯನ್ನು ದಾಟಿ ಬಂಡೆ ಮುಟ್ಟುವ ತನಕ ಪೈಲು ಇಳಿಸಿದರು. ಆರರ ಮೇಲೂ ಒಟ್ಟಿಗೆ ಮೂಟೆ ಹೇರಿಸಿ, ಕೂಲಿಯವರನ್ನೆಲ್ಲ ದಡಕ್ಕೆ ಅಟ್ಟಿ, ಅಳತೆಪಟ್ಟಿ ಹಿಡಿದು ತಾನೊಬ್ಬನೇ ಬುಡದಲ್ಲಿ ಕೂತ. ಪೈಲುಗಳು ಕದಲಲಿಲ್ಲ. ಸಂಜೆ ಶಹರ್ ಬಾನು ಬುತ್ತಿ ತಂದು ಕರೆದರೂ, ಮೊದಲ ಗರ್ಡರ್ ಕೂತಾಗಲೂ ಏನೂ ಆಗಿರಲಿಲ್ಲವೆಂದು ಅವನು ಮೇಲೆ ಬರಲೊಪ್ಪಲಿಲ್ಲ.