ಅವಳನ್ನ ಕರಿ

ಚಳಿಗಾಲದ ಬೆಳಗ್ಗೆ, ಎಳೆಬಿಸಿಲು ಎದುರುಮನೆಯ ಗೋಡೆ ಬಿಟ್ಟು ಇನ್ನೂ ಕೆಳಗಿಳಿಯದ ಹೊತ್ತಿನಲ್ಲಿ, ಮೇಷ್ಟ್ರ ಹೆಂಡತಿ ಬಾಗಿಲಿಗೆ ಅಡ್ಡ ಕೈಯಿಟ್ಟು ನಿಂತುಬಿಟ್ಟಳು.

"ಅದನ್ನ ಎತ್ತೋಣ್ವಾ ಅಮ್ಮಾ? ನಾನು ಇನ್ನೊಂದು ಕಡೆ ಹೋಗ್ಬೇಕು," ಎಂದ ಹೆಣದ ಗಾಡಿಯ ಡ್ರೈವರ್.

"ಅದು ಅಲ್ಲಪ್ಪ, ಇವರು. ಸ್ವಲ್ಪ ತಡಿ. ಬರೋರು ಒಬ್ಬರಿದ್ದಾರೆ."

"ಯಾರು?"

ಅದು ಗೊತ್ತಿದ್ದರೆ ಆಕೆ ಯಾಕೆ ಹಾಗೆ ನಿಲ್ಲುತ್ತಿದ್ದಳು?

*

ಮೇಷ್ಟ್ರು ಮುಂದಿನ ಕೋಣೆಯಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದರು. ಐ, ಮಿ, ಮೈ, ಮೈನ್ ಎಂದು ಮಕ್ಕಳು ಕೂಗುವುದನ್ನು ಒಲೆಯ ಮುಂದೆ ಕೇಳಿ ಕೇಳಿ, ಅಕ್ಷರ ಕಲಿಯದ ಹೆಂಡತಿಗೂ ಬಾಯಿಪಾಠವಾಗಿತ್ತು. ಬೀದಿಯವರ ಬಾಯಲ್ಲಿ ಅವರು ಪ್ರೊನೌನ್ ಮೇಷ್ಟ್ರು.

"ಸರ್ವನಾಮ ಅಂದ್ರೆ ಹೆಸರಿಗೆ ಬದಲಿ ಆಳು ಕಣ್ರೋ. ಯಾರ ಬದಲಿ ಅಂತ ಹೇಳದೆ ಆಳು ಕಳಿಸಿದ್ರೆ ಕೆಲಸ ಕೆಟ್ಟಹಾಗೇ."

ಒಮ್ಮೆ ಆಕೆ ಒಳಗಿನಿಂದಲೇ ಕೇಳಿದ್ದಳು: "ನಿಮ್ಮ ಇಂಗ್ಲಿಷಲ್ಲಿ ಇವಳಿಗೂ ಅವಳಿಗೂ ಒಂದೇ 'ಶೀ'ನಾ? ಹತ್ತಿರದವಳು ಯಾರು, ದೂರದವಳು ಯಾರು ಅಂತ ಹ್ಯಾಗ್ರೀ ತಿಳಿಯೋದು?"

ಮಕ್ಕಳು ಗೊಳ್ಳೆಂದರು. "ಇವಳ ಬಾಯಿಗೊಂದು ಬೀಗ ಇಲ್ಲ," ಎಂದರು ಮೇಷ್ಟ್ರು.

ಹೋದ ಮಳೆಗಾಲದಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಕೈಕಾಲು ಉಳಿದವು, ಹೆಸರುಗಳು ಹೋದವು. ನೀರು, ಚಾದರ, ಮಗಳು, ಹೆಂಡತಿ, ಒಂದಕ್ಕೂ ಹೆಸರಿಲ್ಲ. ಬದಲಿ ಆಳುಗಳಷ್ಟೇ ಬಾಯಲ್ಲಿ. "ಅದು ಕೊಡು." ಲೋಟ ಹಿಡಿದರೆ, "ಇದಲ್ಲ, ಅದು." ಕನ್ನಡಕ ತಂದರೆ ಅದೂ ಅಲ್ಲ. ಕೊನೆಕೊನೆಗೆ ಒಂದೇ ಮಾತು.

"ಅವಳನ್ನ ಕರಿ."

"ನಾನು ಇಲ್ಲೇ ಇದ್ದೀನಲ್ರೀ."

ಮುಖವನ್ನು ದಿಟ್ಟಿಸಿ ನೋಡಿದರು. "ನೀನಲ್ಲ. ಅವಳು," ಎಂದು ಗೋಡೆಯ ಕಡೆ ಹೊರಳಿದರು. ಮತ್ತೆ ಈ ಕಡೆ ತಿರುಗಲಿಲ್ಲ.

*

"ತಮ್ಮ ಕರೆದಿರೋದು ನನ್ನನ್ನೇ," ಎಂದು ಮೇಷ್ಟ್ರ ಅಕ್ಕ ಮೂಗೊರೆಸಿಕೊಂಡರು. "ಎತ್ತಿ ಆಡಿಸಿದ ಕೈ ಇದು."

"ಅತ್ತೆ, ನೀವು ಈ ಮನೆ ಮೆಟ್ಟಿಲು ಹತ್ತಿ ಎಷ್ಟು ಕಾಲ ಆಯ್ತು? ಅಪ್ಪ ಕರೆದದ್ದು ನನ್ನನ್ನ," ಎಂದಳು ಮಗಳು.

"ನೀನೇನು ದಿನಾ ಬರ್ತಿದ್ಯಾ? ಫೋನಲ್ಲೇ ಕರುಳು ಹಿಂಡ್ಕೊಂತಿದ್ದೆ!"

ಹೆಂಡತಿ ಇಬ್ಬರಿಗೂ ಅಲ್ಲವೆನ್ನಲಿಲ್ಲ. ಬೇಕಾದರೆ ಹಂಚಿಕೊಳ್ಳಲಿ. ಕಣ್ಣು ಮಾತ್ರ ಬೀದಿಯ ತಿರುವು ಬಿಟ್ಟು ಅಲುಗಲಿಲ್ಲ. ಔಷಧಿ ಅಂಗಡಿಯವಳು ಬಂದಳು. ಮೇಷ್ಟ್ರ ಹತ್ತಿರ ಕಲಿತು ಈಗ ತಲೆ ನರೆತವಳೊಬ್ಬಳು ಬಂದಳು. ಪ್ರತಿ ಸಲವೂ, ಇವಳೇ ಏನೋ ಅವಳು ಎಂದು ಆಕೆ ಮುಖ ನೋಡಿದಳು. ಬಂದವರು ಯಾರೂ ಅಳಬೇಕಾದ್ದಕ್ಕಿಂತ ಹೆಚ್ಚು ಅಳಲಿಲ್ಲ.

ಬಿಸಿಲು ಹೊಸ್ತಿಲಿಗೆ ಬಂತು. ಡ್ರೈವರ್ ಹಾರ್ನ್ ಹೊಡೆದ. "ಸಾಕು ಬಿಡಮ್ಮ," ಎಂದು ಮಗಳು ತಾಯಿಯ ಬೆರಳುಗಳನ್ನು ಚೌಕಟ್ಟಿನಿಂದ ಒಂದೊಂದಾಗಿ ಬಿಡಿಸಿದಳು.

ಮೇಷ್ಟ್ರನ್ನು ಗಾಡಿಗೆ ಏರಿಸಿದರು. ಮಗಳು, ಅಕ್ಕ ಹತ್ತಿ ಕೂತರು. ಗಾಡಿಯ ಕಿಟಕಿಯಿಂದ ಮಾತು ಕೇಳಿಸಿತು.

"ಅಮ್ಮ ಹತ್ತಲಿಲ್ವಾ ಅತ್ತೆ?"

"ಎಲ್ಲಿ ಹತ್ತಿದ್ಲು? ಅವಳು ಅಗೋ, ಅಲ್ಲೇ ನಿಂತಿದ್ದಾಳೆ ನೋಡು."

ಆ 'ಅವಳು' ಕಿವಿಗೆ ಬಿದ್ದು ಅವಳು ಬೆಚ್ಚಿ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಗಾಡಿ ತಿರುವು ದಾಟಿತ್ತು.

ಸುದ್ದಿ ತಿಳಿಯದ ಪೇಪರಿನವನು, ತಡವಾಗಿ ಬಂದವನು, ಸೈಕಲ್ಲಿನ ಮೇಲಿಂದಲೇ ಕೇಳಿದ: "ಏನಮ್ಮಾ, ಮೇಷ್ಟ್ರು ಇನ್ನೂ ಎದ್ದಿಲ್ವಾ?"

"ಇವರಾ..." ಎಂದು ಅಭ್ಯಾಸಬಲದಿಂದ ಬೆರಳು ಒಳಗಿನ ಮಂಚದ ಕಡೆ ಹೋಯಿತು. ಚಾದರ ನೆಲದಲ್ಲಿ ಬಿದ್ದಿತ್ತು. ಬೆರಳು ಮೆಲ್ಲಗೆ ಬೀದಿಯ ಕಡೆ ತಿರುಗಿತು.

"ಅವರು ಹೊರಟುಹೋದರಪ್ಪ. ಇವತ್ತು." ಬದಲಿ ಆಳು ಸಾಲದೆನಿಸಿ ದಿನದ ಹೆಸರನ್ನೂ ಹೇಳಿದಳು: "ಗುರುವಾರ."