ಅರ್ಸಲಾನ್ ಹೆಸರಿನ ನೀರು

ಅಡುಗೆಮನೆಯ ಕಟ್ಟೆಯ ಮೇಲೆ ಗಾಜಿನ ಲೋಟ ಇಟ್ಟ ಸದ್ದು. ಅಖ್ತರಿಗೆ ಎಚ್ಚರವಾಗಲು ಅಷ್ಟು ಸಾಕು. ಗಂಡ ಕೆಲಸದಿಂದ ಬಂದಿದ್ದಾನೆ. ಪರದೇಶದ ಈ ಬೋಲಿಂಗ್‌ಬ್ರೂಕ್‌ನ ಗೋದಾಮುಗಳಲ್ಲಿ ಕೆಟ್ಟು ನಿಂತ ಫೋರ್ಕ್‌ಲಿಫ್ಟ್‌ಗಳನ್ನು ರಿಪೇರಿ ಮಾಡುವುದು ಮುನೀರನ ಕಸುಬು. ಹಗಲೆಲ್ಲ ದುಡಿಯುವ ಆ ಗಾಡಿಗಳು ಅವನ ಕೈಗೆ ಸಿಗುವುದು ಹೊತ್ತು ಮುಳುಗಿದ ಮೇಲೆಯೇ. ಬಂದವನು ದೀಪ ಹಾಕುವುದಿಲ್ಲ. ನಲ್ಲಿಯಿಂದ ಒಂದು ಲೋಟ ನೀರು ಹಿಡಿದು, ಕುರ್ಚಿ ಎಳೆದು ಕೂತು, ನಿಧಾನವಾಗಿ ಕುಡಿಯುತ್ತಾನೆ. ಆಮೇಲೆ ಸ್ವಲ್ಪ ಹೊತ್ತು ಹಾಗೆಯೇ ಕೂತಿರುತ್ತಾನೆ.

ಆ ಹೊತ್ತಿನಲ್ಲಿ ಅವನು ಎಲ್ಲಿರುತ್ತಾನೆ ಎಂಬುದು ಅಖ್ತರಿಗೆ ಗೊತ್ತು. ಒಮ್ಮೆ ತಾನಾಗಿಯೇ ಹೇಳಿದ್ದ. “ಈಗ ಅಲ್ಲಿ ಬಿಸಿಲೇರಿರುತ್ತೆ. ಹೆಂಗಸರು ಕೊಡ ತಂದು ಸಾಲಾಗಿ ಇಟ್ಟಿರ್ತಾರೆ. ಒಂದೊಂದು ಕೊಡ ತುಂಬಿದಾಗ್ಲೂ ಅದರ ಪುಣ್ಯ ನಮ್ಮ ಅರ್ಸಲಾನ್ ಲೆಕ್ಕಕ್ಕೆ ಸೇರುತ್ತೆ.” ಹಾಗೆ ಹೇಳಿ ಮಗ್ಗುಲಾದವನು ಬೆಳಗಿನ ತನಕ ಕದಲಿರಲಿಲ್ಲ.

ಮಗ ಅರ್ಸಲಾನ್ ಹೋಗಿದ್ದು ಆರನೇ ಕ್ಲಾಸಿನಲ್ಲಿದ್ದಾಗ. ರಕ್ತದ ಕ್ಯಾನ್ಸರ್. ಮಣ್ಣು ಕೊಟ್ಟು ಬಂದ ಮೇಲೆ ಮುನೀರನಿಗೆ ನಿದ್ದೆಯೇ ಇಲ್ಲವಾಯಿತು. ಬೇಸ್‌ಮೆಂಟಿಗೆ ಇಳಿಯುವುದು, ಹತ್ತುವುದು, ಮತ್ತೆ ಇಳಿಯುವುದು. ಅಖ್ತರಿ ಮೇಲೆ ಮಲಗಿ ಆ ಹೆಜ್ಜೆಗಳನ್ನು ಕೇಳುತ್ತಿದ್ದಳು. ಆ ವರ್ಷದ ರಂಜಾನಿನಲ್ಲಿ ಮಸೀದಿಗೆ ಒಬ್ಬರು ಬಂದು, ಬಾಂಗ್ಲಾದೇಶದ ಹಳ್ಳಿಗಳಲ್ಲಿ ನೀರಿನ ಕೆಲಸ ಮಾಡಿಸುತ್ತೇವೆ ಎಂದರು. ತೀರಿಕೊಂಡವರ ಹೆಸರಿನಲ್ಲಿ ಮಾಡಿಸಬಹುದು, ನೀರು ಹರಿಯುವಷ್ಟು ಕಾಲ ಅದರ ಫಲ ಅವರಿಗೆ ತಲುಪುತ್ತಲೇ ಇರುತ್ತದೆ ಎಂದರು. ಕೆರೆಯ ನೀರು ಸೋಸುವ ತೊಟ್ಟಿ ಕಟ್ಟಿಸಬಹುದು, ಇಲ್ಲವೇ ಕೈಪಂಪು ಹಾಕಿಸಬಹುದು. ಮುನೀರನಿಗೆ ಏನೂ ತೋಚದೆ, ನೀನೇ ಹೇಳು ಎಂದಿದ್ದ. ಅಖ್ತರಿ ಯೋಚಿಸಲೂ ಇಲ್ಲ. ಯಾರೋ ಎಮ್ಮೆ ಮೈ ತೊಳೆದ ನೀರನ್ನು ಸೋಸಿ ಮಗನ ಹೆಸರಲ್ಲಿ ಕುಡಿಸುವುದೇ? ಪಂಪೇ ಇರಲಿ ಎಂದಳು.

ಪಂಪಿನ ಬುಡದಲ್ಲಿ ಹೆಸರಿನ ಕಲ್ಲು ಹಾಕುತ್ತಾರೆ ಎಂದು ತಿಳಿದಾಗ ಮುನೀರ್ ಒಂದು ಹಟ ಹಿಡಿದ. ಹೆಸರು ಕನ್ನಡದಲ್ಲಿರಬೇಕು. ಅವನು ಓದಿದ್ದು ಶಿರಾದ ಕನ್ನಡ ಶಾಲೆಯಲ್ಲಿ. ಮಗನೂ ಭಾನುವಾರ ಭಾನುವಾರ ಹಾಫ್‌ಮನ್ ಎಸ್ಟೇಟ್ಸ್‌ಗೆ ಹೋಗಿ, ಅಖ್ತರಿಯ ಗೆಳತಿ ಇಂದುವಿನ ಬೇಸ್‌ಮೆಂಟ್ ಕ್ಲಾಸಿನಲ್ಲಿ ತನ್ನ ಹೆಸರು ಬರೆಯಲು ಕಲಿತಿದ್ದ. ಮುನೀರ್ ದಪ್ಪ ಅಕ್ಷರದಲ್ಲಿ ಬರೆದು ಫ್ಯಾಕ್ಸ್ ಮಾಡಿಸಿದ. ಕೆಲವು ತಿಂಗಳ ಮೇಲೆ ಫೋಟೊ ಬಂತು. ಹೊಸ ಪಂಪು, ಹಸಿ ಸಿಮೆಂಟು, ಅದರಲ್ಲಿ ಕೂರಿಸಿದ ಕಲ್ಲಿನ ಮೇಲೆ ಯಾವನೋ ಬಂಗಾಳಿ ಗಾರೆಯವನು ತಿಣುಕಾಡಿ ಕೊರೆದ ಕನ್ನಡ. ಅವತ್ತಿನಿಂದ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ನಿಂತಿತು.

ಅದೆಲ್ಲ ಆಗಿ ಐದಾರು ವರ್ಷ. ಇದು 2003ರ ಆಗಸ್ಟ್. ಇಂದುವಿನ ಮಗಳು ತನಿಷಾ ಯೂನಿವರ್ಸಿಟಿಯವರ ಜೊತೆ ಬಾಂಗ್ಲಾದೇಶಕ್ಕೆ ಹೋಗಿ, ಬೇಸಿಗೆಯಿಡೀ ಬಾವಿ ನೀರು ಪರೀಕ್ಷೆ ಮಾಡಿ ಬಂದಿದ್ದಳು. ಹೋಗುವ ಮೊದಲು ಅವಳೇ ಮುನೀರನಿಗೆ ಮಾತು ಕೊಟ್ಟಿದ್ದಳು: ಅದೇ ಜಿಲ್ಲೆಗೆ ಹೋಗ್ತಿದ್ದೀವಿ ಅಂಕಲ್, ಪಂಪ್ ಹುಡುಕಿ ಫೋಟೊ ತರ್ತೀನಿ ಎಂದು. ಬಂದವಳು ಫೋನ್ ಮಾಡಿ, ಅಖ್ತರಿ ಆಂಟಿ ಒಬ್ಬರೇ ಬರಲಿ ಎಂದಳು. ಒಬ್ಬರೇ ಎಂಬ ಮಾತು ಅಖ್ತರಿಯ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಮರುದಿನ ಮಧ್ಯಾಹ್ನ ಅವಳು ಹೋದಾಗ ಇಂದು ಒಲೆಯ ಮುಂದೆ ನಿಂತು ಅಂಬೊಡೆ ಕರಿಯುತ್ತಿದ್ದಳು. ಮಗಳು ಬಂದಾಗಿನಿಂದ ಮನೆಯಲ್ಲಿ ನಲ್ಲಿ ತಿರುಗಿಸುವುದೇ ಕಷ್ಟವಾಗಿದೆ ಎಂದು ದೂರು ಶುರು ಮಾಡಿದಳು. “ಹಲ್ಲುಜ್ಜುವಾಗ ನೀರು ನಿಲ್ಲಿಸ್ಬೇಕು ಅಂತ ನನಗೇ ಪಾಠ ಹೇಳ್ತಾಳೆ ಕಣೆ. ಇವಳು ಹುಟ್ಟಿದಾಗಿಂದ ನಾನು ಹೇಳಿದ್ದೂ ಅದನ್ನೇ. ನಾನು ಹೇಳಿದ್ರೆ ಬರೀ ಅಮ್ಮ, ಅಲ್ಲಿಗೆ ಹೋಗಿ ಕೇಳಿದ್ರೆ ಸೈನ್ಸ್.”

ತನಿಷಾ ನಗಲಿಲ್ಲ. ಬಿಸಿಲಿಗೆ ಕಂದಿ, ತೆಳ್ಳಗಾಗಿದ್ದಳು. “ಆಂಟಿ, ಮೇಲೆ ಬರ್ತೀರಾ?” ಎಂದಳು.

ಕೋಣೆಯಲ್ಲಿ ಸೂಟ್‌ಕೇಸ್ ಅರ್ಧ ಬಿಚ್ಚಿತ್ತು. ಒಳಗಿನ ಬಟ್ಟೆಗಳಿಂದ ಮುಗ್ಗಲು ವಾಸನೆ ಬರುತ್ತಿತ್ತು. ತನಿಷಾ ಬಾಗಿಲು ಮುಂದಕ್ಕೆ ಮಾಡಿ ನೆಲದ ಮೇಲೆ ಕೂತಳು. ಅಖ್ತರಿ ಮಂಚದ ಅಂಚಿನಲ್ಲಿ ಕೂತಳು.

ಪಂಪು ಸಿಕ್ಕಿತ್ತು. ಇಡೀ ಜಿಲ್ಲೆಯಲ್ಲಿ ಕನ್ನಡ ಅಕ್ಷರ ಇದ್ದದ್ದು ಅದೊಂದಕ್ಕೇ. ಊರಿನವರು ಅದೇನೋ ಮಂತ್ರವಿರಬೇಕು ಎಂದುಕೊಂಡು, ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ನೀರು ಹೊಡೆಯುತ್ತಿದ್ದರಂತೆ. ಅದು ಮಂತ್ರವಲ್ಲ, ನನ್ನ ಜೊತೆ ಒಂದೇ ಚಾಪೆಯಲ್ಲಿ ಕೂತು ಅಕ್ಷರ ಕಲಿತ ಹುಡುಗನ ಹೆಸರು ಎಂದು ತನಿಷಾ ದುಭಾಷಿಯ ಕೈಲಿ ಹೇಳಿಸಿದಾಗ, ಎಲ್ಲರೂ ಅವಳಿಗೆ ಹಾದಿ ಬಿಟ್ಟುಕೊಟ್ಟರಂತೆ. ಇಷ್ಟನ್ನು ಅವಳು ಒಂದೇ ಉಸಿರಿಗೆ ಹೇಳಿದಳು.

“ಟೆಸ್ಟ್ ನಾನೇ ಮಾಡಿದೆ ಆಂಟಿ. ಕಿಟ್ ಕೆಟ್ಟಿರಬಹುದು ಅಂತ ಇನ್ನೊಂದು ಕಿಟ್ ತಂದು ಮತ್ತೆ ಮಾಡಿದೆ. ಸ್ಟ್ರಿಪ್ ಬ್ರೌನ್ ಆಗ್ತಾನೇ ಹೋಯ್ತು.”

“ಏನಿದೆ ನೀರಲ್ಲಿ?”

“ಆರ್ಸೆನಿಕ್. ಯಾರೂ ಬೆರೆಸಿದ್ದಲ್ಲ, ಅಲ್ಲಿ ನೆಲದೊಳಗೇ ಇರುತ್ತೆ. ಅಂಥ ಪಂಪುಗಳು ತುಂಬಾ ಇದಾವೆ. ನೀರು ನೋಡೋಕೆ ಚೆನ್ನಾಗೇ ಇರುತ್ತೆ. ವಾಸನೆ ಇಲ್ಲ, ಟೇಸ್ಟ್ ಇಲ್ಲ.”

“ಪಾಷಾಣನಾ?”

ತನಿಷಾಗೆ ಆ ಪದ ಗೊತ್ತಿರಲಿಲ್ಲ. ಆಂಟಿಯ ಮುಖ ನೋಡಿ ಹೌದೆಂದು ತಲೆಯಾಡಿಸಿದಳು.

ಒಳ್ಳೆಯ ನೀರಿದ್ದರೆ ಪಂಪಿನ ಮೂತಿಗೆ ಹಸಿರು ಬಣ್ಣ, ಕೆಟ್ಟದ್ದಿದ್ದರೆ ಕೆಂಪು. ಅದು ಅಲ್ಲಿನ ಪದ್ಧತಿ. ಕೆಂಪು ಬಣ್ಣದ ಡಬ್ಬ ತನಿಷಾಳ ಕೈಲೇ ಇತ್ತು. ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ತಾನೇ ಬಳಿದೆ ಎಂದಳು. ಅಖ್ತರಿ ತನ್ನ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು: ಇಷ್ಟು ವರ್ಷ ಯಾರು ಕುಡಿದರು? ಅವರು ಹೇಗಿದ್ದಾರೆ?

ಆ ಕೇರಿಯವರೆಲ್ಲ ಕುಡಿದಿದ್ದರು. ಪಂಪಿನ ಪಕ್ಕದ ಮನೆಯ ಹೆಂಗಸಿಗೆ ಅಂಗೈ ತುಂಬ ಗಟ್ಟಿ ಗುಳ್ಳೆಗಳು, ಒಣಗಿದ ಜೋಳದ ಕಾಳು ಅಂಟಿಸಿದ ಹಾಗೆ. ಕಲ್ಲನ್ನು ದಿನಾ ತೊಳೆಯುತ್ತಿದ್ದವಳು ಅವಳೇ.

“ಅವರು ನನ್ನ ಕೈ ಹಿಡ್ಕೊಂಡು, ಆ ಹುಡುಗನ ಅಮ್ಮ ಇದಾರಾ ಅಂತ ಕೇಳಿದ್ರು. ಸಲಾಂ ಹೇಳು ಅಂದ್ರು. ನೀರು ಹೊಡೆಯೋವಾಗೆಲ್ಲ ಅವನಿಗೆ ದುವಾ ಮಾಡ್ತೀನಿ ಅಂತ ಹೇಳು ಅಂದ್ರು.” ತನಿಷಾ ತಲೆ ತಗ್ಗಿಸಿದಳು. “ನಾನು ಬ್ರಶ್ ಹಿಡ್ಕೊಂಡೇ ನಿಂತಿದ್ದೆ, ಆಂಟಿ.”

ಕೆಳಗೆ ಎಣ್ಣೆ ಚೊರ್ರ್ ಎನ್ನುತ್ತಿತ್ತು. ಅಖ್ತರಿ, ಈಗ ಅವರು ನೀರಿಗೆ ಏನು ಮಾಡುತ್ತಾರೆ ಎಂದಳು. ಮುಕ್ಕಾಲು ಮೈಲಿ ದೂರದಲ್ಲಿ ಒಂದು ಹಸಿರು ಪಂಪಿದೆ. ಆಳದ ಬಾವಿ ತೋಡಿಸಲು ಅಲ್ಲಿನ ಆಫೀಸಿನಲ್ಲಿ ಅಪ್ಲೈ ಮಾಡಿದ್ದಾರೆ, ಆಗಬಹುದು. ಎಲ್ಲರೂ ಆ ಹಸಿರು ಪಂಪಿಗೇ ಹೋಗುತ್ತಾರಾ ಎಂದು ಕೇಳಿದ್ದಕ್ಕೆ, “ಮಳೆ ಇದ್ರೆ ಹೋಗಲ್ಲ,” ಎಂದಳು ತನಿಷಾ.

ಅವಳು ಒಂದು ಫೋಟೊ ತೆಗೆದು ಕೊಟ್ಟಳು. ಬಣ್ಣ ಬಳಿಯುವ ಮೊದಲು ತೆಗೆದದ್ದು, ಅಂಕಲ್‌ಗೆ ಬೇಕಾದರೆ ಇದನ್ನು ತೋರಿಸಬಹುದು ಎಂದಳು. ನೀರು ಧಾರೆಯಾಗಿ ಸುರಿಯುತ್ತಿತ್ತು. ಒಂದು ಪುಟ್ಟ ಹುಡುಗಿ ಬೊಗಸೆ ಒಡ್ಡಿ ಕುಡಿಯುತ್ತಿದ್ದಳು. ಅಖ್ತರಿ ಅದನ್ನು ನೋಡುವಷ್ಟು ಹೊತ್ತು ನೋಡಿ, ಮಡಿಲಿಗೆ ಹಾಕಿಕೊಳ್ಳದೆ ಹಿಂದಕ್ಕೆ ಕೊಟ್ಟಳು.

“ನೀನೇ ಇಟ್ಕೊಮ್ಮ.”

“ಅಂಕಲ್‌ಗೆ ನಿಜ ಗೊತ್ತಾಗ್ಬೇಕಲ್ವಾ ಆಂಟಿ? ಬೇಕಿದ್ರೆ ನಾನೇ ಬಂದು ಹೇಳ್ತೀನಿ.”

“ನಾನು ಹೇಳ್ತೀನಿ. ನೀನು ಯಾರಿಗೂ ಹೇಳ್ಬೇಡ. ನಿಮ್ಮಮ್ಮನಿಗೂ.”

ಇಂದು ಡಬ್ಬಿಯಲ್ಲಿ ಅಂಬೊಡೆ ಹಾಕಿಕೊಟ್ಟಳು. 355 ಹೆದ್ದಾರಿಯ ಮೇಲೆ ಕಾರು ಓಡಿಸುತ್ತ ಅಖ್ತರಿ ವಾಕ್ಯಗಳನ್ನು ಜೋಡಿಸಿ ನೋಡಿದಳು. ರೀ, ಒಂದು ವಿಷಯ. ರೀ, ಬೇಜಾರು ಮಾಡ್ಕೋಬೇಡಿ. ಯಾವುದೂ ಎರಡನೆಯ ಮಾತಿಗೆ ದಾಟಲಿಲ್ಲ. ಅವಳ ತವರು ಪಾವಗಡ. ಬೋರ್‌ವೆಲ್ ನೀರು ಕುಡಿದು ಅವಳ ದೊಡ್ಡಮ್ಮನ ಹಲ್ಲೆಲ್ಲ ಕಂದು ಹಿಡಿದಿತ್ತು, ಮೊಣಕಾಲು ಸೊಟ್ಟಗಾಗಿತ್ತು. ನೆಲದ ನೀರೆಲ್ಲ ಒಳ್ಳೆಯದಲ್ಲ ಎಂಬುದನ್ನು ಆ ಮನೆಯಲ್ಲಿ ಬೆಳೆದವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಆದರೂ ಪಂಪೇ ಇರಲಿ ಎಂದಿದ್ದಳು. ಮುನೀರ್ ಇದಕ್ಕಾಗಿ ಅವಳನ್ನು ಒಂದು ಮಾತೂ ಅನ್ನುವವನಲ್ಲ. ಅವಳ ಹೆದರಿಕೆ ಅದಲ್ಲ. ಒಂದೊಂದು ಕೊಡವನ್ನೂ ಮಗನ ಲೆಕ್ಕಕ್ಕೆ ಬರೆದುಕೊಂಡು ನಿದ್ದೆ ಮಾಡುತ್ತಿದ್ದವನು, ಇನ್ನು ಅದೇ ಕೊಡಗಳನ್ನು ಮೊದಲಿನಿಂದ ಎಣಿಸಲು ಶುರು ಮಾಡುತ್ತಾನೆ. ಪ್ರತಿಯೊಂದರಲ್ಲೂ ಏನಿತ್ತೆಂದು ತಿಳಿದು ಎಣಿಸುತ್ತಾನೆ. ಅದೂ ಮಗನ ಲೆಕ್ಕಕ್ಕೇ ಸೇರುತ್ತದೆಯೇ ಎಂದು ಒಂದು ದಿನ ಅವಳನ್ನೇ ಕೇಳುತ್ತಾನೆ.

ಮುನೀರ್ ಅವತ್ತು ಕೆಲಸಕ್ಕೆ ಹೋಗಿರಲಿಲ್ಲ. ಗಡ್ಡ ಟ್ರಿಮ್ ಮಾಡಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು, ಯಾರಾದರೂ ಮನೆಗೆ ಬರುವವರಿದ್ದಾರೆ ಎಂಬಂತೆ ಸೋಫಾದಲ್ಲಿ ಕೂತಿದ್ದ. ಅವಳು ಚಪ್ಪಲಿ ಬಿಡುವ ಮೊದಲೇ ಎದ್ದು ನಿಂತ.

“ನೋಡಿದ್ಲಾ?”

“ಇಲ್ಲ ರೀ. ಅವರ ಗುಂಪನ್ನ ಬೇರೆ ಕಡೆ ಕಳಿಸಿದ್ರಂತೆ. ಮಳೆಗೆ ದಾರಿ ಎಲ್ಲ ಮುಳುಗಿತ್ತಂತೆ.”

ಅವನು ಮತ್ತೆ ಸೋಫಾದ ಅಂಚಿಗೆ ಕೂತ. ಆಮೇಲೆ, “ಪಾಪ, ಮಾತು ಕೊಟ್ಟು ಆಗಲಿಲ್ಲ ಅಂತ ಮಗು ನೊಂದ್ಕೊಂಡಿರುತ್ತೆ. ಪರವಾಗಿಲ್ಲ ಅಂತ ಒಂದು ಫೋನ್ ಮಾಡ್ತೀನಿ,” ಎಂದು ಫೋನಿಗೆ ಕೈ ಹಾಕಿದ.

“ಪ್ರಯಾಣದ ಸುಸ್ತು, ಮಲಗಿರ್ತಾಳೆ. ನಾಳೆ ಮಾಡಿ.”

ನಾಳೆ ಅವನು ಏಳುವ ಮೊದಲು ತಾನೇ ತನಿಷಾಗೆ ಫೋನ್ ಮಾಡಬೇಕು. ಅಂಕಲ್‌ಗೆ ಹೇಳಿದ್ದೇನೆ, ಅವರು ಫೋನ್ ಮಾಡಿ ಏನೇ ಹೇಳಿದರೂ ಹೂಂ ಎನ್ನು, ಮತ್ತೆ ಅವರ ಮುಂದೆ ಆ ಮಾತು ಎತ್ತಬೇಡ ಎನ್ನಬೇಕು. ಮಸೀದಿಯ ಇಮಾಮರಿಗಾಗಲಿ, ಪಾವಗಡದ ತಂಗಿಗಾಗಲಿ, ಯಾರಿಗೂ ಇದು ತನ್ನ ಬಾಯಿಂದ ಹೋಗುವುದಿಲ್ಲ. ಇಷ್ಟು ತೀರ್ಮಾನವಾದ ಮೇಲೆ ಅವಳು ಅಂಬೊಡೆಯ ಡಬ್ಬಿಯನ್ನು ಗಂಡನ ಮುಂದಿಟ್ಟಳು.

ಮುನೀರ್ ಡಬ್ಬಿ ಬಿಚ್ಚಿ ಒಂದು ಅಂಬೊಡೆ ಮುರಿದು ಬಾಯಿಗಿಟ್ಟ. “ಮುಂದಿನ ವರ್ಷ ನಾವೇ ಹೋಗಿ ಬರೋಣ ಅಖ್ತರಿ. ಅಲ್ಲಿ ಕೂತು, ಒಂದು ಬೊಗಸೆ ನಾನೂ ಕುಡೀಬೇಕು.”

“ಹೋಗೋಣ,” ಎಂದಳು.

ಡ್ರೈಯರ್ ನಿಂತಿತ್ತು. ಅವಳು ಅದರ ಬಾಗಿಲು ತೆಗೆದು ಬಟ್ಟೆಗಳನ್ನು ತೋಳ ತುಂಬ ತಬ್ಬಿ ತಂದು ಮೇಜಿನ ಮೇಲೆ ಸುರಿದಳು. ಎಲ್ಲವೂ ಇನ್ನೂ ಬಿಸಿಯಾಗಿದ್ದವು. ಗಂಡನ ಕೆಲಸದ ಅಂಗಿ ತೆಗೆದು, ಒಂದು ತೋಳಿನ ಮೇಲೆ ಇನ್ನೊಂದು ತೋಳನ್ನು ಮಡಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದಳು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಅಂಗಿ ಎತ್ತಿಕೊಂಡಳು.