ಗಾಜಿನ ನೆರಳು

ಜೆಸ್ಲಿನ್‌ಗೆ ಎಲ್ಲರ ದನಿಯನ್ನೂ ಅನುಕರಿಸಲು ಬರುತ್ತಿತ್ತು. ಹುಬ್ಬಳ್ಳಿ ಸ್ಟೇಷನ್ನಿನ ಘೋಷಣೆ, ಚರ್ಚಿನ ಪಾದ್ರಿಗಳ ಕೆಮ್ಮು, ಬಿ.ಎಡ್. ಕಾಲೇಜಿನಲ್ಲಿ ಶಿಕ್ಷಣದ ತತ್ತ್ವಶಾಸ್ತ್ರ ಕಲಿಸುವ ತಾರಾಬಾಯಿ ಮೇಡಂ ಅವರ "ಹ್ಞಾಂ, ಮುಂದ?" ಎಲ್ಲವೂ ಥೇಟು. ಆ ತತ್ತ್ವಶಾಸ್ತ್ರ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ.

"ಆದರ್ಶವಾದ, ನಿಸರ್ಗವಾದ, ವಾಸ್ತವವಾದ... ಇಷ್ಟು ವಾದ ಮಾಡೋದಿದ್ರ ವಕೀಲಕಿ ಓದತಿದ್ದೆ ಬಿಡವಾ," ಎಂದು ಗೆಳತಿ ಸುರಭಿಯ ಮುಂದೆ ಗೊಣಗುತ್ತಿದ್ದಳು.

ಮೊದಲ ದಿನವೇ ಮೇಡಂ ಕೇಳಿದ್ದರು: "ನಾವು ಹೇಳಿದ್ದನ್ನ ಹುಡುಗರು ತಿರುಗಿ ನಮಗ ಒಪ್ಪಿಸಿದ್ರ, ಯಾರು ಏನು ಕಲತಂಗಾತು?" ಅದನ್ನೂ ಜೆಸ್ಲಿನ್ ಅವರದೇ ದನಿಯಲ್ಲಿ ಕ್ಯಾಂಟೀನಿನಲ್ಲಿ ಕೇಳಿ ಎಲ್ಲರನ್ನೂ ನಗಿಸಿದ್ದಳು. ಉತ್ತರ ಹುಡುಕಿರಲಿಲ್ಲ.

ಇಂದು ಶಿರಗುಪ್ಪಿಯ ಶಾಲೆಯಲ್ಲಿ ಅವಳ ಪರೀಕ್ಷಾ ಪಾಠ; ಅಂಕ ಹಾಕುವವರು ತಾರಾಬಾಯಿ ಮೇಡಂ. ಹೋದ ಸಲ ಫೇಲಾಗಿದ್ದಳು. ಈ ಸಲವೂ ಹೋದರೆ ಇನ್ನೊಂದು ವರ್ಷ ಕೈಬಿಟ್ಟುಹೋದಂತೆ. ಅದಕ್ಕೇ ಹೆಚ್ಚಿನವರು ಕದ್ದು ಮಾಡುವುದನ್ನೇ ಅವಳೂ ಮಾಡಿದ್ದಳು: ಹಿಂದಿನ ದಿನವೇ ಬಂದು, ಪಾಠಯೋಜನೆಯ 'ನಿರೀಕ್ಷಿತ ಉತ್ತರ'ಗಳನ್ನೆಲ್ಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದಳು.

"ಗಾಜಿಗೆ ನೆರಳು ಐತೋ ಇಲ್ಲೋ?" ಜೆಸ್ಲಿನ್ ಪಾಠ ಶುರು ಮಾಡಿದಳು.

"ಇಲ್ರೀ ಟೀಚರ್!" ಇಡೀ ತರಗತಿಯದು ಒಂದೇ ರಾಗ.

"ಐತ್ರಿ," ಎಂದಳು ಕೊನೆಯ ಸಾಲಿನ ಹುಡುಗಿ. ಅವಳು ನಿನ್ನೆ ಬಂದಿರಲಿಲ್ಲ. "ನಮ್ಮ ಕಾಕಾನ ಟಂಟಂ ಗಾಡಿ ಗಾಜಿಂದು ಬೀಳತೈತ್ರಿ. ಖರೇನ ನೋಡೇನ್ರಿ."

ಪಕ್ಕದವಳು ತಿವಿದಳು. "ಏ, ಇಲ್ಲ ಅನ್ನಬೇಕು! ಟೀಚರ್ ನಿನ್ನೆನ ಹೇಳಿಕೊಟ್ಟಾರ!"

ಹಿಂದಿನ ಕುರ್ಚಿಯಲ್ಲಿ ತಾರಾಬಾಯಿಯವರ ಪೆನ್ನು ನಿಂತಿತು.

ಜೆಸ್ಲಿನ್ ಒಂದು ದನಿಗಾಗಿ ತಡಕಾಡಿದಳು. ಸ್ಟೇಷನ್ನಿನದು, ಪಾದ್ರಿಗಳದು, ಮೇಡಂ ಅವರದು, ಯಾವುದೂ ಇಲ್ಲಿಗೆ ಹೊಂದಲಿಲ್ಲ. ಕನ್ನಡಕ ಮೇಲೆ ಸರಿಸಿದಳು. ಕೊನೆಗೆ ಒಡಕು ಒಡಕಾಗಿ ತನ್ನದೇ ಹೊರಬಿತ್ತು: "ನನಗ ಗೊತ್ತಿಲ್ಲ. ಬರ್ರಿ, ನೋಡೂಣು."

ಅಂಗಳದ ಬಿಸಿಲಿಗೆ ಕನ್ನಡಕ ಹಿಡಿದಳು. ನೆಲದ ಮೇಲೆ ಚೌಕಟ್ಟಿನ ಕಪ್ಪು ಉಂಗುರ, ಅದರೊಳಗೆ ಮಾಸಲು ಬೂದು.

"ಐತ್ರಿ! ತೆಳ್ಳಗ ಐತ್ರಿ!"

"ಟೀಚರ್, ನೀರಿಂದು?" "ನನ್ನ ಪಟ್ಟೀದು?" ಬಾಟಲಿ, ಸ್ಕೇಲು, ಚಾಕಲೇಟಿನ ಕಾಗದ ಎಲ್ಲ ಬಿಸಿಲಿಗೆ ಬಂದವು. ಅಷ್ಟರಲ್ಲಿ ಗಂಟೆ ಹೊಡೆಯಿತು. ಯೋಜನೆಯ ಅರ್ಧ ಹಾಗೇ ಉಳಿದಿತ್ತು.

"ಪಾಠ ಮುಗೀಲಿಲ್ಲ," ಎಂದರು ತಾರಾಬಾಯಿ.

"ಹೌದ್ರಿ. ನಿನ್ನೆ ಬಾಯಿಪಾಠಾನೂ ಮಾಡಿಸಿದ್ದೆನ್ರಿ."

"ಅದು ಇಡೀ ಶಿರಗುಪ್ಪಿಗೆ ಗೊತ್ತಾತು. ಅದಕ್ಕ ಅಂಕ ಕಡದೇನಿ. ಅಂಗಳದಾಗ ಮಾಡಿದಿ ನೋಡು, ಅದಕ್ಕ ಪಾಸ್ ಮಾಡೇನಿ."

ಸೋಮವಾರ ಹೊಸ ತಂಡಕ್ಕೆ ತತ್ತ್ವಶಾಸ್ತ್ರದ ಮೊದಲ ತರಗತಿ. ಅದನ್ನು ಇನ್ನೊಮ್ಮೆ ಕೇಳೋಣವೆಂದು ಜೆಸ್ಲಿನ್, ಸುರಭಿಯೊಂದಿಗೆ ಹಿಂದೆ ಕುಳಿತಿದ್ದಳು. "ಕಲಸೋದು ಅಂದ್ರ ಹೆಂಗ ಚಾಲೂ ಆಗತದ, ಕೇಳ್ರಿ," ಎಂದು ತಾರಾಬಾಯಿ ಕನ್ನಡಕ ಮೇಲೆ ಸರಿಸಿ, ದನಿ ಒಡಕು ಮಾಡಿಕೊಂಡರು. "ನನಗ ಗೊತ್ತಿಲ್ಲ. ಬರ್ರಿ, ನೋಡೂಣು."

ಥೇಟು!

"ಯವ್ವಾ," ಸುರಭಿ ಪಿಸುಗುಟ್ಟಿದಳು, "ನಿನ್ನ ದನೀನ ಕದ್ದಾರಲ್ಲವಾ!"